ಜೇಬು ಪಿಸ್ತೂಲು ಕೊಳ್ಳುವ ಮುನ್ನ: ಸಣ್ಣ ಬೋರಿನ ಅನುಕೂಲ, ಕೊರತೆ ಮತ್ತು ಹೊಣೆ

ಜೇಬಿನಲ್ಲಿ ಹಿಡಿಯುವಂಥ ಪಿಸ್ತೂಲನ್ನು ತಯಾರಿಸುವವರು ಮೂರನ್ನು ಕಡಿಮೆ ಮಾಡಲೇಬೇಕಾಗುತ್ತದೆ: ನಳಿಗೆಯ ಉದ್ದ, ಹಿಡಿಕೆಯ ಎತ್ತರ ಮತ್ತು ಒಟ್ಟು ತೂಕ. ಇವುಗಳಲ್ಲಿ ಯಾವುದನ್ನು ಕಡಿಮೆ ಮಾಡಿದರೂ ಆಯುಧವನ್ನು ಒಯ್ಯುವುದು ಸುಲಭವಾಗುತ್ತದೆ, ಗುರಿಗೆ ಈಡು ಹೊಡೆಯುವುದು ಕಷ್ಟವಾಗುತ್ತದೆ. ಒಯ್ಯುವವರೂ ಹೊಡೆಯುವವರೂ ಒಬ್ಬರೇ ಆಗಿರುವುದರಿಂದ, ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಅಂಗೈಯಲ್ಲಿ ತೂಗಿ ನೋಡಿದಾಗ ಉಂಟಾಗುವ ಮೆಚ್ಚುಗೆಯನ್ನು ನಂಬಿ ನಿರ್ಧಾರಕ್ಕೆ ಬರಬಾರದು. ಪರವಾನಗಿ ಪಡೆದಿರುವವರು ಮತ್ತು ಪಡೆಯುವ ಹಂತದಲ್ಲಿರುವವರು ಈ ಲಾಭ ನಷ್ಟಗಳನ್ನು ಹೇಗೆ ಅಳೆಯಬೇಕು, ಕೊಂಡ ಮೇಲೆ ಆಯುಧವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾಮಾನ್ಯವಾಗಿ ಜೇಬು ಪಿಸ್ತೂಲು ಎನ್ನುವುದು .22, .25 ಅಥವಾ .32 ಬೋರಿನ (ಬೋರು ಎಂದರೆ ಇಂಚಿನ ಲೆಕ್ಕದಲ್ಲಿ ನಳಿಗೆಯ ಒಳಅಗಲ), ಐದರಿಂದ ಒಂಬತ್ತು ಸೆಂಟಿಮೀಟರ್ ನಳಿಗೆಯ ಆಯುಧವನ್ನು. ಈ ಜಾತಿಯ ಬೇರು ಬೆಲ್ಜಿಯಂನಲ್ಲಿದೆ. ಅಮೆರಿಕದ ಜಾನ್ ಬ್ರೌನಿಂಗ್ ಅವರು ಅಲ್ಲಿನ ಎಫ್.ಎನ್. ಕಾರ್ಖಾನೆಗಾಗಿ 1899ರಲ್ಲಿ .32 ಎ.ಸಿ.ಪಿ. (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್) ಕಾಡತೂಸನ್ನೂ 1905ರಲ್ಲಿ .25 ಎ.ಸಿ.ಪಿ. ಕಾಡತೂಸನ್ನೂ ರೂಪಿಸಿದರು. ಶಕ್ತಿಯಲ್ಲಿ .22ಕ್ಕಿಂತ ಹೆಚ್ಚೇನೂ ಇಲ್ಲದ .25 ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರವು ಕಾಡತೂಸಿನ ಬುಡದಲ್ಲಿದೆ. .22ರಲ್ಲಿ ಮೊದಲ ಕಿಡಿ ಕೊಡುವ ಸಿಡಿಮದ್ದು ಬುಡದ ಅಂಚಿನ ಸುತ್ತ ಹರಡಿರುತ್ತದೆ; ಆ ಅಂಚಿನ ಒಂದು ಕಡೆ ಸಿಡಿಮದ್ದು ಸರಿಯಾಗಿ ಕೂತಿರದಿದ್ದರೆ ಈಡು ಹಾರುವುದಿಲ್ಲ. .25ರಲ್ಲಿ ಸಿಡಿಮದ್ದು ನಡುವೆ ಪ್ರತ್ಯೇಕ ಬಟ್ಟಲಿನಲ್ಲಿರುವುದರಿಂದ ಆ ಸಂಶಯ ಬಹಳ ಕಡಿಮೆ. ಅಲ್ಲದೆ .22ರ ಎದ್ದು ನಿಂತ ಅಂಚು, ಕಾಡತೂಸು ತುಂಬಿಡುವ ಡಬ್ಬಿಯಾದ ಮ್ಯಾಗಜಿನ್‌ನಿಂದ ಮೇಲೇರುವಾಗ ಸಿಕ್ಕಿಕೊಳ್ಳುವ ಸಂಭವವೂ ಹೆಚ್ಚು. ಇಂದಿಗೂ ಈ ವ್ಯತ್ಯಾಸ ಹಾಗೆಯೇ ಉಳಿದಿದೆ. ಆದ್ದರಿಂದ ಅಗ್ಗದ ಅಭ್ಯಾಸಕ್ಕೆ.22 ಎಷ್ಟೇ ಒಳ್ಳೆಯದಾದರೂ ಆತ್ಮರಕ್ಷಣೆಗೆ ಅದನ್ನು ನೆಚ್ಚಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು.

ಬೋರನ್ನು ಕಾನೂನೇ ಆರಿಸಿದೆ

ಅಮೆರಿಕದಲ್ಲಿ ಈ ಚರ್ಚೆ ನಡೆಯುವಾಗ .32ಕ್ಕಿಂತ .380 ಮೇಲೇ, .380ಕ್ಕಿಂತ 9 ಎಂ.ಎಂ. ಮೇಲೇ ಎಂದು ಮಾತು ಬೆಳೆಯುತ್ತದೆ. ನಮ್ಮಲ್ಲಿ ಆ ಚರ್ಚೆಗೆ ಎಡೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರಚಿತವಾದ 2016ರ ನಿಯಮಗಳ ಅನುಸೂಚಿಯು ಸೇನೆಯ 9 ಎಂ.ಎಂ., .45, .380 ಮತ್ತು .455 ಕಾಡತೂಸುಗಳನ್ನು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳನ್ನು ಸಾಮಾನ್ಯ ನಾಗರಿಕರಿಗೆ ಸಿಗುವ ವರ್ಗದಿಂದ ಹೊರಗಿಟ್ಟಿದೆ. ಉಳಿದ ಬೋರುಗಳಲ್ಲಿ ದೇಶದೊಳಗೆ ತಯಾರಾಗಿ, ಕಾಡತೂಸೂ ನಿಯಮಿತವಾಗಿ ಸಿಗುವುದು ಮುಖ್ಯವಾಗಿ .32. ಹೀಗಾಗಿ ಬೇರೆ ದೇಶಗಳಲ್ಲಿ ಹೆಚ್ಚಾಗಿ ಎರಡನೆಯ ಆಯುಧವಾಗಿ ಉಳಿದಿರುವ ಈ ಸಣ್ಣ ಬೋರು ನಮ್ಮಲ್ಲಿ ಮೊದಲನೆಯದೂ ಕೊನೆಯದೂ ಆಗಿದೆ. ಅದರ ಇತಿಮಿತಿಗಳನ್ನು ಭಾರತದ ಪರವಾನಗಿದಾರರು ಇತರರಿಗಿಂತ ಚೆನ್ನಾಗಿ ಅರಿತಿರಬೇಕಾದದ್ದು ಈ ಕಾರಣಕ್ಕಾಗಿಯೇ.

1980ರ ದಶಕದ ಮಧ್ಯಭಾಗದಿಂದ ನಾಗರಿಕರ ಬಳಕೆಗೆ ಪಿಸ್ತೂಲುಗಳ ಆಮದು ಬಹುಮಟ್ಟಿಗೆ ನಿಂತುಹೋಗಿರುವುದರಿಂದ ಇನ್ನೊಂದು ವಿಚಿತ್ರ ಪರಿಸ್ಥಿತಿ ಉಂಟಾಗಿದೆ. ಅಜ್ಜನ ಕಾಲದ ವೆಬ್ಲಿ, ವಾಲ್ಥರ್, ಬ್ರೌನಿಂಗ್ ಪಿಸ್ತೂಲುಗಳು ಕೈಯಿಂದ ಕೈಗೆ ದುಬಾರಿ ಬೆಲೆಗೆ ಹೋಗುತ್ತವೆ. ಸರ್ಕಾರಿ ಕಾರ್ಖಾನೆಗಳು ಈಶಾಪುರದ ‘ಅಶನಿ’ ಪಿಸ್ತೂಲನ್ನೂ ಕಾನ್ಪುರದ .32 ರಿವಾಲ್ವರುಗಳನ್ನೂ ಮಾರುತ್ತ ಬಂದಿವೆ; 2014ರಲ್ಲಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರತಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ ಇದೇ ಸಾಲಿನದು. ಹೆಸರುವಾಸಿಯಾದ ವಿದೇಶಿ ಮುದ್ರೆಗೆ ಕೊಡುವ ಹಣದಲ್ಲಿ ಬಹುಪಾಲು ಅದರ ಅಪರೂಪತೆಗೆ ಸಲ್ಲುತ್ತದೆಯೇ ಹೊರತು ಗುಣಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ಐವತ್ತು ವರ್ಷ ಹಳೆಯ ಸ್ಪ್ರಿಂಗು, ಎಲ್ಲಿಯೂ ಸಿಗದ ಮ್ಯಾಗಜಿನ್ ಇರುವ ಆಯುಧವು ಸಂಗ್ರಹಕ್ಕೆ ಚೆಂದ, ನಂಬಿಕೆಗೆ ಅಲ್ಲ.

ಅನುಕೂಲಗಳು

ಮೊದಲ ಅನುಕೂಲ, ಅದು ಜೊತೆಗಿರುತ್ತದೆ. ನಗದು ಸಾಗಿಸುವ ವ್ಯಾಪಾರಿಯಾಗಲಿ, ಒಂಟಿ ತೋಟದ ಮನೆಯಲ್ಲಿರುವವರಾಗಲಿ ಭಾರವಾದ ಆಯುಧವನ್ನು ಕೊಂಡು, ಸೊಂಟಕ್ಕೆ ಕಟ್ಟಿಕೊಳ್ಳುವುದು ಕಿರಿಕಿರಿಯೆಂದು ಬೀರುವಿನಲ್ಲಿಟ್ಟರೆ ಪರವಾನಗಿಯ ಉದ್ದೇಶವೇ ಈಡೇರುವುದಿಲ್ಲ. ಬೇಬಿ ಬ್ರೌನಿಂಗ್ ಪಿಸ್ತೂಲಿನ ತೂಕ ಸುಮಾರು 275 ಗ್ರಾಂ. ಅಮೆರಿಕದ ಕೆಲ್-ಟೆಕ್ ಕಂಪನಿಯ.32 ಪಿಸ್ತೂಲು 200 ಗ್ರಾಂ ಕೂಡ ತೂಗುವುದಿಲ್ಲ. ವಾಲ್ಥರ್ ಪಿ.ಪಿ.ಕೆ. ಸುಮಾರು 590 ಗ್ರಾಂ ಇದ್ದರೂ ಚಪ್ಪಟೆಯಾದ ಮೈಯಿಂದಾಗಿ ಬಟ್ಟೆಯ ಕೆಳಗೆ ಎದ್ದು ಕಾಣುವುದಿಲ್ಲ. ನಮ್ಮ ಬೇಸಗೆಯಲ್ಲಿ, ತೆಳು ಅಂಗಿಯ ಕೆಳಗೆ, ಈ ಚಪ್ಪಟೆತನವೇ ತೂಕಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಸೌಮ್ಯವಾದ ಹಿನ್ನೂಕು. .32 ಕಾಡತೂಸನ್ನು ಮಧ್ಯಮ ತೂಕದ ಪಿಸ್ತೂಲಿನಿಂದ ಹಾರಿಸಿದಾಗ ಮಣಿಕಟ್ಟು ಹೆಚ್ಚು ಎತ್ತಿಹೋಗುವುದಿಲ್ಲ, ಎರಡನೆಯ ಈಡಿಗೆ ಗುರಿ ಬೇಗ ಮರಳುತ್ತದೆ, ಹೊಸಬರಲ್ಲಿ ಸಿಡಿತದ ಮುನ್ನವೇ ಕೈ ಬೆಚ್ಚುವ ಕೆಟ್ಟ ಅಭ್ಯಾಸ ಬೇರೂರುವುದಿಲ್ಲ. ವಯಸ್ಸಾದವರಿಗೆ, ಕೀಲುನೋವಿರುವವರಿಗೆ ಇದು ದೊಡ್ಡ ವರ.

ಕೊರತೆಗಳು

ಮೊದಲು ಶಕ್ತಿಯ ಲೆಕ್ಕ. .25ರ ಗುಂಡು ಸುಮಾರು 3.2 ಗ್ರಾಂ ತೂಗಿ ಸೆಕೆಂಡಿಗೆ 230 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಬೀಳುತ್ತದೆ. ಅದರ ಶಕ್ತಿ ಹೆಚ್ಚು ಕಡಿಮೆ 85 ಜೂಲ್. .32 ಎ.ಸಿ.ಪಿ.ಯದು 4.6 ಗ್ರಾಂ, 275 ಮೀಟರ್, ಸುಮಾರು 175 ಜೂಲ್. ಪೊಲೀಸರ 9 ಎಂ.ಎಂ. ಪಿಸ್ತೂಲಿನದು ಸುಮಾರು 490 ಜೂಲ್. .22ರ ವಿಷಯದಲ್ಲಿ ಕಾಡತೂಸಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ನಂಬಿ ಮೋಸಹೋಗಬಾರದು, ಏಕೆಂದರೆ ಆ ಅಂಕಿ ಸಾಮಾನ್ಯವಾಗಿ ಉದ್ದ ನಳಿಗೆಯ ರೈಫಲ್ಲಿನದು. ಆರು ಸೆಂಟಿಮೀಟರ್ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಹೋಗಿರುತ್ತದೆ, ಶಕ್ತಿ ಸುಮಾರು 100 ಜೂಲಿಗೆ ಇಳಿದಿರುತ್ತದೆ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಮೆರಿಕದ ಎಫ್.ಬಿ.ಐ. ಸಂಸ್ಥೆಯು ತನ್ನ ಗುಂಡುಗಳನ್ನು ಮೈಮಾಂಸವನ್ನು ಹೋಲುವ ಪರೀಕ್ಷಾ ಜೆಲಟಿನ್‌ನಲ್ಲಿ 30ರಿಂದ 45 ಸೆಂಟಿಮೀಟರ್ ಆಳದ ಮಾನದಂಡದಿಂದ ಅಳೆಯತೊಡಗಿತು. ಗಿಡ್ಡ ನಳಿಗೆಯ ಸಣ್ಣ ಬೋರುಗಳಲ್ಲಿ ತಗುಲಿದಾಗ ಅರಳುವ ಮೂತಿಯ ಗುಂಡು ಅನೇಕ ಸಲ ಆ ಗೆರೆಯನ್ನು ಮುಟ್ಟುವುದಿಲ್ಲ. ಇದರ ಅರ್ಥ ಸಣ್ಣ ಗುಂಡು ಅಪಾಯಕಾರಿಯಲ್ಲ ಎಂದಲ್ಲ. ಅದು ಪ್ರಾಣ ತೆಗೆಯಬಲ್ಲದು. ಆದರೆ ಪ್ರಾಣಕ್ಕೆ ಕುತ್ತು ತರುವುದು ಬೇರೆ, ಮೇಲೇರಿ ಬರುವವನನ್ನು ಆ ಕ್ಷಣದಲ್ಲಿ ತಡೆಯುವುದು ಬೇರೆ. ಆತ್ಮರಕ್ಷಣೆಗೆ ಬೇಕಾದದ್ದು ಎರಡನೆಯದು, ಸಣ್ಣ ಬೋರು ಭರವಸೆ ಕೊಡಲಾಗದ್ದೂ ಅದೇ.

ಅದಕ್ಕಿಂತ ದೊಡ್ಡ ಕೊರತೆ ಗುರಿಯದು. ಹಿಂದಿನ ಮತ್ತು ಮುಂದಿನ ಗುರಿಕಡ್ಡಿಗಳ ನಡುವಿನ ಅಂತರ 10 ಸೆಂಟಿಮೀಟರ್ ಇದ್ದು, ಕೈ ನಡುಗಿ ಮುಂದಿನ ಕಡ್ಡಿ ಒಂದು ಮಿಲಿಮೀಟರ್ ಸರಿದರೆ ಏಳು ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ತಪ್ಪುತ್ತದೆ. ಹದಿನೈದು ಮೀಟರಿನಲ್ಲಿ 15 ಸೆಂಟಿಮೀಟರ್. ಅದೇ ಅಂತರ 16 ಸೆಂಟಿಮೀಟರ್ ಇರುವ ಪೂರ್ಣ ಗಾತ್ರದ ಪಿಸ್ತೂಲಿನಲ್ಲಿ ಏಳು ಮೀಟರಿನ ತಪ್ಪು ನಾಲ್ಕೂವರೆ ಸೆಂಟಿಮೀಟರ್ ಮೀರುವುದಿಲ್ಲ. ಹಳೆಯ ಜೇಬು ಪಿಸ್ತೂಲುಗಳಲ್ಲಿ ಗುರಿಕಡ್ಡಿ ಎಂದರೆ ಸ್ಲೈಡಿನ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಹೊದಿಕೆ) ಮೇಲೆ ಕೊರೆದ ಸಣ್ಣ ಗೀರು, ಮುಂದೆ ಒಂದು ಮೊಳಕೆ, ಅಷ್ಟೆ. ಮಂದ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಹಿಡಿಕೆ ಗಿಡ್ಡವಾಗಿರುವುದರಿಂದ ಕಿರುಬೆರಳಿಗೆ ನೆಲೆ ಸಿಗುವುದಿಲ್ಲ, ಟ್ರಿಗರ್ ಎಳೆಯುವಾಗ ಇಡೀ ಆಯುಧ ಪಕ್ಕಕ್ಕೆ ತಿರುಗುತ್ತದೆ. ತಪ್ಪಿದ ಪ್ರತಿಯೊಂದು ಗುಂಡೂ ಎಲ್ಲಿಯೋ ಹೋಗಿ ಬೀಳಲೇಬೇಕು, ಅದು ಬಿದ್ದ ಜಾಗಕ್ಕೆ ಹಾರಿಸಿದವರೇ ಹೊಣೆ ಎಂಬುದನ್ನು ನೆನಪಿಟ್ಟರೆ ಈ ಕೊರತೆಯ ತೂಕ ತಿಳಿಯುತ್ತದೆ.

ಯಂತ್ರದ ತೊಂದರೆಗಳೂ ಇವೆ. ಬಹುತೇಕ ಸಣ್ಣ ಪಿಸ್ತೂಲುಗಳಲ್ಲಿ ಸಿಡಿತದ ಒತ್ತಡವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಗಟ್ಟಿ ಸ್ಪ್ರಿಂಗು ಮಾತ್ರ. ಆದ್ದರಿಂದ ಗಾತ್ರ ಚಿಕ್ಕದಾದರೂ ಸ್ಲೈಡನ್ನು ಹಿಂದಕ್ಕೆ ಎಳೆಯುವುದು ಕಷ್ಟ. ಹಿಡಿಯಲು ಜಾಗವೂ ಕಡಿಮೆ. ಕೈಯಲ್ಲಿ ಬಲ ಕಡಿಮೆ ಇರುವವರಿಗೆಂದು ಸಣ್ಣ ಪಿಸ್ತೂಲನ್ನು ಆರಿಸಿಕೊಡುವ ಮನೆಮಂದಿ ಇದನ್ನು ಗಮನಿಸುವುದಿಲ್ಲ. ಇಟಲಿಯ ಬೆರೆಟ್ಟಾ ಕಂಪನಿ ನಳಿಗೆಯನ್ನೇ ಮೇಲಕ್ಕೆತ್ತಿ ನೇರವಾಗಿ ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಮನೆ) ಕಾಡತೂಸು ಇಡುವ ಏರ್ಪಾಟನ್ನು ಮಾಡಿದ್ದು ಇದೇ ತೊಂದರೆಗೆ ಪರಿಹಾರವಾಗಿ. ಇನ್ನು .32 ಎ.ಸಿ.ಪಿ.ಯ ಬುಡದಲ್ಲಿ ಸಣ್ಣ ಅಂಚೊಂದು ಹೊರಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಪಿಸ್ತೂಲು ಕಟ್ಟಿಹೋಗುತ್ತದೆ, ಮತ್ತು ಅದನ್ನು ಸ್ಲೈಡ್ ಎಳೆದು ಬಿಡುವುದರಿಂದ ಸರಿಪಡಿಸಲಾಗುವುದಿಲ್ಲ. ಪ್ರತಿ ಕಾಡತೂಸೂ ಕೆಳಗಿನದಕ್ಕಿಂತ ಸ್ವಲ್ಪ ಮುಂದೆ ಕೂತಿದೆಯೇ ಎಂದು ನೋಡಿ ತುಂಬಬೇಕು.

ಇಷ್ಟನ್ನೂ ಕೂಡಿ ಕಳೆದಾಗ .25 ಬೋರಿನ ಆಯುಧವನ್ನು ಹೊಸದಾಗಿ ಹುಡುಕಿಕೊಂಡು ಹೋಗುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಮನೆತನದಿಂದ ಬಂದದ್ದಿದ್ದರೆ ಕಾಪಾಡಿಕೊಳ್ಳಬಹುದು. ಕೊಳ್ಳುವವರು .32ನ್ನೇ ಕೊಳ್ಳಲಿ, ಅದರಲ್ಲಿಯೂ ಅತಿ ಚಿಕ್ಕದನ್ನಲ್ಲ, ದಿನವೂ ಒಯ್ಯಲು ಸಾಧ್ಯವಾಗುವ ಅತಿ ದೊಡ್ಡದನ್ನು.

ಪಿಸ್ತೂಲೋ ರಿವಾಲ್ವರೋ

ರಿವಾಲ್ವರಿನಲ್ಲಿ ಕಾಡತೂಸುಗಳು ಕೂರುವ, ತಿರುಗುವ ಸಿಲಿಂಡರ್ ದಪ್ಪವಾಗಿರುವುದರಿಂದ ಜೇಬಿನಲ್ಲಿ ಉಬ್ಬಿ ಕಾಣುತ್ತದೆ, ಆರು ಈಡಿನ ಮೇಲೆ ಸಿಗುವುದಿಲ್ಲ, ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಆದರೆ ಒಂದು ಕಾಡತೂಸು ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ಸ್ಲೈಡ್ ಎಳೆಯುವ ಬಲ ಬೇಕಿಲ್ಲ. ತುಂಬಿದೆಯೋ ಖಾಲಿಯೋ ಎಂಬುದು ಸಿಲಿಂಡರ್ ತೆರೆದ ಕೂಡಲೇ ಕಣ್ಣಿಗೆ ಕಾಣುತ್ತದೆ. ವರ್ಷಕ್ಕೆ ಕೆಲವೇ ಸಲ ಅಭ್ಯಾಸ ಮಾಡಬಲ್ಲವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ರಿವಾಲ್ವರೇ ಮೇಲು ಎಂದು ನಾನು ದೃಢವಾಗಿ ಹೇಳುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರವಾನಗಿ ಪುಸ್ತಕದಲ್ಲಿ ಎರಡಕ್ಕೂ .32 ಬೋರ್ ಎಂದೇ ಬರೆದಿರಬಹುದು, ಆದರೆ ಪಿಸ್ತೂಲಿನ .32 ಎ.ಸಿ.ಪಿ. ಬೇರೆ, ರಿವಾಲ್ವರಿನ .32 ಎಸ್ ಆಂಡ್ ಡಬ್ಲ್ಯು (ಸ್ಮಿತ್ ಆಂಡ್ ವೆಸ್ಸನ್) ಲಾಂಗ್ ಬೇರೆ. ಒಂದರ ಕಾಡತೂಸು ಇನ್ನೊಂದರೊಳಗೆ ಕೂತಂತೆ ಕಂಡರೂ ಹಾರಿಸಬಾರದು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಪೂರ್ಣ ಹೆಸರನ್ನು ಓದಿ, ಆಯುಧದ ನಳಿಗೆಯ ಮೇಲೆ ಕೆತ್ತಿದ ಹೆಸರಿನೊಂದಿಗೆ ಹೋಲಿಸಿ, ಆಮೇಲೆ ಹಣ ಕೊಡಬೇಕು.

ಹಳೆಯ ಆಯುಧವನ್ನು ಪರೀಕ್ಷಿಸುವ ಬಗೆ

ಕೈಗೆ ಕೊಟ್ಟ ಕೂಡಲೇ ಮೊದಲು ಮ್ಯಾಗಜಿನ್ ಹೊರತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ಈ ಕ್ರಮ ತಿರುಗುಮುರುಗಾದರೆ, ಅಂದರೆ ಸ್ಲೈಡ್ ಮೊದಲು ಎಳೆದು ಮ್ಯಾಗಜಿನ್ ಆಮೇಲೆ ತೆಗೆದರೆ, ಚೇಂಬರಿನಲ್ಲಿ ಹೊಸ ಕಾಡತೂಸು ಕೂತಿರುತ್ತದೆ, ಕೈಯಲ್ಲಿ ಮಾತ್ರ ಖಾಲಿ ಆಯುಧವಿದೆ ಎಂಬ ಭ್ರಮೆಯಿರುತ್ತದೆ. ಮಾರುವವರು ಖಾಲಿ ಎಂದು ಹೇಳಿದ್ದರೂ, ಅವರು ಕಣ್ಣೆದುರಿಗೇ ಖಾಲಿ ಮಾಡಿದ್ದರೂ, ಮತ್ತೊಮ್ಮೆ ನೋಡುವುದು ಅವಮಾನವಲ್ಲ.

ನಂತರ ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿಗಳಿವೆಯೇ, ಉಬ್ಬಿದ ಉಂಗುರದಂಥ ಗುರುತಿದೆಯೇ ಎಂದು ನೋಡಬೇಕು. ಉಬ್ಬು ಕಂಡರೆ ಅಲ್ಲಿಗೇ ಕೈಬಿಡಬೇಕು. ರಿವಾಲ್ವರಾದರೆ ಕುದುರೆ (ಹಿಂಬದಿಯ ಸುತ್ತಿಗೆ) ಎತ್ತಿದಾಗ ಸಿಲಿಂಡರ್ ಪ್ರತಿ ಮನೆಯಲ್ಲಿಯೂ ಬಿಗಿಯಾಗಿ ನಿಲ್ಲುತ್ತದೆಯೇ ಎಂದು ಆರೂ ಮನೆಗಳಲ್ಲಿ ಪರೀಕ್ಷಿಸಬೇಕು. ಆಯುಧದ ಸಂಖ್ಯೆ ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಿಕೆಯಾಗಬೇಕು. ಒಂದು ಅಂಕಿ ಅಳಿಸಿದಂತಿದ್ದರೂ ವ್ಯವಹಾರ ಬೇಡ.

ಒಯ್ಯುವುದು

ಒಂದು ಶತಮಾನದ ಹಿಂದಿನ ವಿನ್ಯಾಸಗಳಲ್ಲಿ ಹೆಚ್ಚಿನವಕ್ಕೆ, ಆಯುಧ ಕೆಳಗೆ ಬಿದ್ದಾಗ, ಕಾಡತೂಸಿನ ಬುಡಕ್ಕೆ ಬಡಿಯುವ ಸಿಡಿಮೊಳೆ ತಾನಾಗಿ ಮುಂದೆ ಚಿಮ್ಮದಂತೆ ತಡೆಯುವ ಒಳತಡೆ ಇಲ್ಲ. ಹೊರಗೆ ಕಾಣುವ ಸುರಕ್ಷಾ ಗುಂಡಿ ಟ್ರಿಗರನ್ನು ತಡೆಯುತ್ತದೆ, ಬೀಳುವಿಕೆಯನ್ನಲ್ಲ. ಆದ್ದರಿಂದ ಹಳೆಯ .25, .32 ಪಿಸ್ತೂಲುಗಳನ್ನು ಚೇಂಬರ್ ಖಾಲಿ ಇಟ್ಟೇ ಒಯ್ಯಬೇಕು. ಜೇಬಿನಲ್ಲಿ ಇಡುವುದಾದರೆ ಟ್ರಿಗರನ್ನು ಪೂರ್ತಿ ಮುಚ್ಚುವ ಜೇಬು ಹೋಲ್‌ಸ್ಟರ್ ಇರಲೇಬೇಕು, ಆ ಜೇಬಿನಲ್ಲಿ ಬೇರೇನೂ ಇರಬಾರದು. ಬೀಗದ ಕೈಯೊಂದು ಟ್ರಿಗರಿನ ಬಳೆಯೊಳಗೆ ನುಗ್ಗುವುದಕ್ಕೆ ಒಂದು ಕ್ಷಣ ಸಾಕು. 2016ರ ನಿಯಮಗಳ ಪ್ರಕಾರವೂ ಸಾರ್ವಜನಿಕ ಸ್ಥಳದಲ್ಲಿ ಆಯುಧವು ಹೋಲ್‌ಸ್ಟರಿನಲ್ಲಿದ್ದು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಮೈಬೆವರು ಜೇಬು ಪಿಸ್ತೂಲಿನ ನಿತ್ಯಶತ್ರು. ಕರಾವಳಿಯ ಸೆಕೆಯಲ್ಲಾಗಲಿ ಮಲೆನಾಡಿನ ಮಳೆಗಾಲದಲ್ಲಾಗಲಿ ಒಂದು ವಾರ ಒರೆಸದೆ ಬಿಟ್ಟರೆ ಸ್ಲೈಡಿನ ಮೇಲೆ ಕೆಂಪು ಚುಕ್ಕೆ ಏಳುತ್ತದೆ. ಸಂಜೆ ಕಳಚಿಟ್ಟಾಗ ಒಣ ಬಟ್ಟೆಯಿಂದ ಒರೆಸಿ, ಆಯುಧದ ಎಣ್ಣೆಯನ್ನು ತೆಳುವಾಗಿ ಸವರಬೇಕು, ಸಿಡಿಮೊಳೆಯ ರಂಧ್ರದಲ್ಲಿ ಸೇರಿಕೊಂಡ ಜೇಬಿನ ನೂಲುಹುಡಿಯನ್ನು ಬ್ರಷ್ಷಿನಿಂದ ತೆಗೆಯಬೇಕು. ಚರ್ಮದ ಹೋಲ್‌ಸ್ಟರ್ ತೇವ ಹೀರಿಕೊಳ್ಳುವುದರಿಂದ ಅದರೊಳಗೇ ಆಯುಧವನ್ನು ತಿಂಗಳುಗಟ್ಟಲೆ ಇಡಬಾರದು.

ಮನೆಯಲ್ಲಿ ಇಡುವುದು

ಮಲೆನಾಡು, ಕೊಡಗಿನ ಮನೆಗಳಲ್ಲಿ ಕೋವಿ ಹೊಸದಲ್ಲ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ, ಕೈಲ್ ಪೋಳ್ದ್ ದಿನ ಕೋವಿಗೆ ಪೂಜೆ ಸಲ್ಲುತ್ತದೆ. ಆ ಮನೆಗಳ ಮಕ್ಕಳು ಕೋವಿಯ ಬಗ್ಗೆ ಹಿರಿಯರಿಂದ ಶಿಸ್ತು ಕಲಿತು ಬೆಳೆಯುತ್ತಾರೆ. ಆದರೆ ಗೋಡೆಯ ಮೇಲಿನ ಉದ್ದ ಕೋವಿಯನ್ನು ಮಗು ಎತ್ತಲಾರದು. ಮುನ್ನೂರು ಗ್ರಾಂ ಪಿಸ್ತೂಲನ್ನು ಎತ್ತಬಲ್ಲದು, ಆಟಿಕೆಯೆಂದು ಭಾವಿಸಬಲ್ಲದು. ಹಾಸಿಗೆಯ ಕೆಳಗೆ, ದಿಂಬಿನಡಿ, ಬಟ್ಟೆಯ ಮಡಿಕೆಗಳ ನಡುವೆ ಬಚ್ಚಿಡುವುದು ಇಡುವ ಕ್ರಮವೇ ಅಲ್ಲ. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಆಯುಧ, ಬೇರೊಂದು ಬೀಗದಡಿ ಕಾಡತೂಸು, ಎರಡರ ಕೀಲಿಯೂ ಪರವಾನಗಿದಾರರೊಬ್ಬರ ಬಳಿ: ಇದು ಕನಿಷ್ಠ. ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಕುಡಿತದ ಚಟದಲ್ಲಿದ್ದರೆ, ಜಗಳ ಮುಗಿಯದೆ ಉರಿಯುತ್ತಿದ್ದರೆ, ಆಯುಧವನ್ನು ಅಧಿಕೃತ ವ್ಯಾಪಾರಿಯ ಬಳಿಯೋ ಠಾಣೆಯಲ್ಲೋ ಠೇವಣಿ ಇಡುವುದೇ ಸರಿ. ಕಳ್ಳನು ಮನೆಗೆ ಬರುವ ಸಂಭವಕ್ಕಿಂತ ಆ ಮನೆಯೊಳಗಿನ ಆಪತ್ತು ಹತ್ತಿರದ್ದು.

ಅಭ್ಯಾಸ

ಹೊಸ ಅರ್ಜಿದಾರರು ಆಯುಧ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಸಲ್ಲಿಸಬೇಕು. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ; ಇದನ್ನು ಕಾಗದದ ಅಗತ್ಯವೆಂದು ಮುಗಿಸದೆ ಪ್ರತಿ ಅವಕಾಶವನ್ನೂ ಬಳಸಿಕೊಳ್ಳಬೇಕು. ಮನೆಯಲ್ಲಿ, ಕಾಡತೂಸು ಬೇರೆ ಕೋಣೆಯಲ್ಲಿರುವಾಗ, ಖಾಲಿ ಆಯುಧವನ್ನು ಹೋಲ್‌ಸ್ಟರಿನಿಂದ ಹೊರತೆಗೆಯುವುದನ್ನೂ ಟ್ರಿಗರನ್ನು ಅಲುಗದಂತೆ ಎಳೆಯುವುದನ್ನೂ ಅಭ್ಯಾಸ ಮಾಡಬಹುದು, ಆದರೆ.22 ಬೋರಿನ ಆಯುಧವನ್ನು ಖಾಲಿಯಾಗಿ ಹೊಡೆದರೆ ಸಿಡಿಮೊಳೆ ಚೇಂಬರಿನ ಅಂಚಿಗೆ ಬಡಿದು ಕೆಡುವುದರಿಂದ ಅದಕ್ಕೆ ಡಮ್ಮಿ ಕಾಡತೂಸು ಬೇಕು. ನಿಜವಾದ ಈಡಿಗೆ ಐದರಿಂದ ಏಳು ಮೀಟರ್ ದೂರವೇ ಸಾಕು, ಜೇಬು ಪಿಸ್ತೂಲಿನ ಪ್ರಾಮಾಣಿಕ ಮಿತಿ ಅದೇ. ಸಣ್ಣ ಬೋರಾದರೂ ಸಿಡಿತದ ಸದ್ದು ಕಿವಿಗೆ ಹಾನಿ ಮಾಡುವ 140 ಡೆಸಿಬಲ್ ಮೀರುವುದರಿಂದ ಕಿವಿಮುಚ್ಚುಗೆ ಇಲ್ಲದೆ ಒಂದು ಈಡೂ ಹಾರಿಸಬಾರದು.

ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ 34ರಿಂದ 44ರವರೆಗಿನ ಕಲಮುಗಳಲ್ಲಿ ವಿವರಿಸಿದೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಒದಗುವುದಿಲ್ಲ. ತೋರಿಸಿ ಹೆದರಿಸಲೆಂದು ಪಿಸ್ತೂಲು ಹೊರತೆಗೆಯುವವರು ಈ ಎರಡು ಷರತ್ತುಗಳನ್ನು ಮೊದಲು ಓದಿಕೊಂಡಿರಬೇಕು.

ಕಾಗದಪತ್ರದ ವಿಷಯದಲ್ಲಿ ಮೂರು ಮಾತು. ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ ಐದು ವರ್ಷ, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳು ಸಾಮಾನ್ಯವಾಗಿ ಎರಡು. ನವೀಕರಣದ ದಿನಾಂಕವನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಚುನಾವಣೆಯ ಸಮಯದಲ್ಲಿ ಠೇವಣಿ ಇಡಲು ಆದೇಶ ಬಂದರೆ, ಎಣ್ಣೆ ಸವರಿ, ಸಂಖ್ಯೆ ನಮೂದಾದ ರಸೀದಿ ಪಡೆದೇ ಕೊಡಬೇಕು, ಮರಳಿ ಪಡೆದ ದಿನವೇ ನಳಿಗೆ ತೆರೆದು ನೋಡಬೇಕು. ಪರವಾನಗಿದಾರರು ತೀರಿಕೊಂಡರೆ ಆಯುಧವು ಆಸ್ತಿಯಂತೆ ತಾನಾಗಿ ಮಗನಿಗೋ ಮಗಳಿಗೋ ಸೇರುವುದಿಲ್ಲ. ವಾರಸುದಾರರು ಅದನ್ನು ಕೂಡಲೇ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಒಪ್ಪಿಸಿ, ತಮ್ಮ ಹೆಸರಿನಲ್ಲಿ ಪರವಾನಗಿಗೆ ಜಿಲ್ಲಾಧಿಕಾರಿಗಳಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಹಾಕಬೇಕು.